ಸಹನೆಯ ಹೊರೆ ಯಾರ ಹೆಗಲಿಗೆ: ತಾಂಬರಂ ಚಿಂತನೆಯ ಒಂದು ಪರಿಶೀಲನೆ

ಮದ್ರಾಸ್ ಕ್ರಿಶ್ಚಿಯನ್ ಕಾಲೇಜು 1937ರಲ್ಲಿ ನಗರದ ಗಜಿಬಿಜಿ ಬಿಟ್ಟು ತಾಂಬರಂಗೆ ಬಂದಾಗ ಅದರ ಪ್ರಿನ್ಸಿಪಾಲರಾಗಿದ್ದವರು ಸ್ಕಾಟ್ಲೆಂಡಿನ ಎ.ಜಿ. ಹಾಗ್. ಮರುವರ್ಷದ ಡಿಸೆಂಬರಿನಲ್ಲಿ ಅದೇ ಆವರಣದಲ್ಲಿ ಅಂತರರಾಷ್ಟ್ರೀಯ ಮಿಷನರಿ ಮಂಡಳಿಯ ಮಹಾಸಭೆ ನಡೆಯಿತು. ತಾಂಬರಂ ಎಂದೊಡನೆ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ನೆನಪಾಗುವುದು ಆ ಸಭೆ, ಮತ್ತು ಅದಕ್ಕಾಗಿಯೇ ಹೆಂಡ್ರಿಕ್ ಕ್ರೇಮರ್ ಬರೆದ ಗ್ರಂಥ ಎಬ್ಬಿಸಿದ ವಾದ: ಕ್ರೈಸ್ತೇತರ ಧರ್ಮಗಳಲ್ಲಿ ದೇವರ ಪ್ರಕಟಣೆ ಇದೆಯೋ ಇಲ್ಲವೋ. ಆ ಚರ್ಚೆಯ ಮೇಲೆ ಹೊರೆಗಟ್ಟಲೆ ಬರಹ ಬಂದಿದೆ. ಆದರೆ ತಾಂಬರಂ ಪರಂಪರೆಯ ನಿಜವಾದ ಬೆಲೆ ಬೇರೆ ಕಡೆ ಇದೆ ಎಂಬುದು ನನ್ನ ವಾದ. ಕಷ್ಟದಲ್ಲಿರುವ ಮನುಷ್ಯ ನಂಬಿಕೆಯ ಬಲದಿಂದ ಹೇಗೆ ತಾಳಿಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರದಲ್ಲಿ ಆ ಬೆಲೆ ಇದೆ. ಅದರ ದೊಡ್ಡ ಸೋಲೂ ಅಲ್ಲಿಯೇ ಇದೆ.

ಉತ್ತರದ ಮೊದಲ ಎಳೆ ಹಾಗ್ 1909ರಲ್ಲಿ ಪ್ರಕಟಿಸಿದ 'ಕರ್ಮ ಅಂಡ್ ರಿಡೆಂಪ್ಷನ್' ಎಂಬ ಪುಸ್ತಕದಲ್ಲಿದೆ. ಕರ್ಮಸಿದ್ಧಾಂತ ಜಗತ್ತನ್ನು ನ್ಯಾಯಾಲಯದಂತೆ ಕಾಣುತ್ತದೆ, ಅಲ್ಲಿ ಪ್ರತಿ ನೋವೂ ಮಾಡಿದ್ದಕ್ಕೆ ತಕ್ಕ ತೀರ್ಪು ಎಂದು ಹಾಗ್ ವಿವರಿಸಿದರು. ಅವರ ಪ್ರಕಾರ ಕ್ರೈಸ್ತ ನಂಬಿಕೆ ಈ ಲೆಕ್ಕವನ್ನು ಮುರಿಯುತ್ತದೆ. ಬದುಕುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಬ್ಬರ ತಪ್ಪಿನ ನೋವು ಇನ್ನೊಬ್ಬರಿಗೆ ತಟ್ಟುತ್ತದೆ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಲೂ ಸಾಧ್ಯವಾಗುತ್ತದೆ; ಶಿಲುಬೆಯ ಅರ್ಥ ಅದೇ. ಈ ಹೋಲಿಕೆ ಹಿಂದೂ ಚಿಂತನೆಗೆ ಪೂರ್ತಿ ನ್ಯಾಯ ಸಲ್ಲಿಸಿತು ಎನ್ನಲಾಗದು. ಅದೇ ಕಾಲೇಜಿನಲ್ಲಿ ಓದಿದ ರಾಧಾಕೃಷ್ಣನ್ ವೇದಾಂತಕ್ಕೆ ನೀತಿಯ ನೆಲೆಯಿಲ್ಲ ಎಂಬ ಮಾತಿಗೆ ಉತ್ತರ ಕೊಡುವುದಕ್ಕೇ ತಮ್ಮ ಎಂ.ಎ. ಪ್ರಬಂಧ ಬರೆದರು. ವಚನಕಾರರನ್ನೂ ದಾಸರನ್ನೂ ಬಲ್ಲ ಕನ್ನಡದ ಓದುಗರಿಗಂತೂ ಕೃಪೆಯ ಮುಂದೆ ಕರ್ಮದ ಲೆಕ್ಕ ಸೋಲುವ ಮಾತು ಹೊಸದಲ್ಲ. ಆದರೂ ಹಾಗ್ ಹೇಳಿದ್ದರಲ್ಲಿ ಒಂದು ಅಂಶ ಉಳಿಯುತ್ತದೆ. ನೊಂದವನನ್ನು 'ನೀನೇನು ಮಾಡಿದ್ದೆ' ಎಂದು ಕೇಳಬೇಡಿ ಎಂದು ಅವರು ಹೇಳಿದರು. ರೋಗಿಗೆ, ವಿಧವೆಗೆ, ಜಾತಿಯ ಕಾರಣಕ್ಕೆ ಊರಾಚೆ ಇರಿಸಲ್ಪಟ್ಟವರಿಗೆ ಈ ಮಾತು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ತತ್ತ್ವದ ತಕ್ಕಡಿಯಲ್ಲಿ ಮಾತ್ರ ತೂಗಲಾಗದು.

ಹೊರೆ ಹಂಚಿಕೊಳ್ಳುವ ಈ ವಿಚಾರ ಮಾತಿನಲ್ಲಷ್ಟೇ ಇದ್ದಿದ್ದರೆ ಬೇಗ ಸವಕಲಾಗುತ್ತಿತ್ತು. ಹಾಗ್ ಬರೆಯುವ ಮೊದಲೇ ಅದು ಸಂಸ್ಥೆಯ ರೂಪ ತಾಳಿದ್ದನ್ನು ನೋಡಲು ಕರಾವಳಿಗೆ ಬರಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಬಲುಬೇಗ ಕಂಡುಕೊಂಡ ಸತ್ಯವೆಂದರೆ, ದೀಕ್ಷಾಸ್ನಾನ ಪಡೆದವರು ಮೊದಲು ಕಳೆದುಕೊಳ್ಳುವುದು ಮನೆ ಮತ್ತು ಕಸುಬು. ಮತಾಂತರಗೊಂಡವರ ಆಸ್ತಿಯ ಹಕ್ಕು ಉಳಿಸುವ ಕಾನೂನು ಬಂದದ್ದೇ 1850ರಲ್ಲಿ. ಕಾನೂನು ಬಂದ ಮಾತ್ರಕ್ಕೆ ಒಕ್ಕಲು ಬಿಡಿಸುವವರ ಕೈ ನಿಲ್ಲಲಿಲ್ಲ. ಹಾಗಾಗಿ ಮಿಷನ್ ನೇಯ್ಗೆ ಶುರುಮಾಡಿತು, ಛಾಪಖಾನೆ ನಡೆಸಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚು ದೂರದೂರದ ಸೂರುಗಳಿಗೆ ಹೋದ ಕತೆ ಎಲ್ಲರಿಗೂ ಗೊತ್ತು. ಅದು ಮೊದಲಿಗೆ ತಾಳಿಕೊಳ್ಳಬೇಕಾದವರಿಗೆ ತಾಳಿಕೊಳ್ಳುವ ಶಕ್ತಿ ಕೊಡುವ ಏರ್ಪಾಡಾಗಿತ್ತು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಬರಿಹೊಟ್ಟೆಯವನಿಗೆ ಸಹನೆ ಬೋಧಿಸುವುದು ಕ್ರೌರ್ಯ ಎಂದು ಬಾಸೆಲ್‌ನವರು ತಮ್ಮ ಕೆಲಸದಿಂದಲೇ ಒಪ್ಪಿಕೊಂಡಿದ್ದರು.

ಇಲ್ಲಿ ಹಳೆಯ ಆಕ್ಷೇಪವೊಂದು ಎದುರಾಗುತ್ತದೆ: ಅದು ನಂಬಿಕೆಯಲ್ಲ, ಕೂಲಿ, ಅನ್ನಕ್ಕಾಗಿ ಬಂದವರ ತಾಳ್ಮೆಯನ್ನು ಧರ್ಮದ ಹೆಸರಿನಲ್ಲಿ ಹೊಗಳಬೇಡಿ. ಆಕ್ಷೇಪದಲ್ಲಿ ಹುರುಳಿದೆ. ಮನೆ, ಕೆಲಸ, ಆರಾಧನೆ ಮೂರೂ ಒಂದೇ ಕೈಯಲ್ಲಿದ್ದಾಗ ಕಾರ್ಮಿಕನ ಸ್ವಾತಂತ್ರ್ಯ ಕುಗ್ಗುತ್ತದೆ. ಮಿಷನ್ನಿನ ಕಟ್ಟುನಿಟ್ಟಿನ ಶಿಸ್ತಿನಲ್ಲಿ ಯಜಮಾನಿಕೆಯ ಗತ್ತೂ ಇತ್ತು. ಆದರೆ ಈ ಆಕ್ಷೇಪವನ್ನು ಇತಿಹಾಸವೇ ಒಮ್ಮೆ ಪರೀಕ್ಷೆಗೆ ಒಡ್ಡಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಬಳಿಕ ದೇಶ ಬಿಡಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಕೂಲಿ ಉಳಿಯಿತು, ಆದರೆ ಕೂಲಿ ಕೊಡುವವನಿಗೂ ಪ್ರಾರ್ಥನೆ ನಡೆಸುವವನಿಗೂ ಇದ್ದ ನಂಟು ಕಡಿಯಿತು. ಮಿಷನರಿಯಿಲ್ಲದ ಕ್ರೈಸ್ತ ಸಭೆಗಳು ಚದುರಿಹೋಗಬೇಕಿತ್ತು, ಹೋಗಲಿಲ್ಲ. ಕರಾವಳಿಯಲ್ಲಿ, ಧಾರವಾಡ ಸೀಮೆಯಲ್ಲಿ ಸ್ಥಳೀಯ ಬೋಧಕರೂ ಹಿರಿಯರೂ ಸೇರಿ ಅವುಗಳನ್ನು ಉಳಿಸಿಕೊಂಡರು. ಅನ್ನ ನಂಬಿಕೆಗೆ ಆಸರೆಯಾಗಿತ್ತು, ಆದರೆ ಅನ್ನವೊಂದೇ ನಂಬಿಕೆಯಾಗಿರಲಿಲ್ಲ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

1938ರ ಸಭೆಗೆ ಬಂದವರಲ್ಲಿ ಬಾಸೆಲ್ ಮಿಷನ್ನಿನ ನಿರ್ದೇಶಕ ಕಾರ್ಲ್ ಹಾರ್ಟೆನ್‌ಸ್ಟೈನ್ ಕೂಡ ಇದ್ದರು. ಸಭೆ ಮೊದಲು ಚೀನಾದ ಹಾಂಗ್‌ಚೌನಲ್ಲಿ ನಡೆಯಬೇಕಿತ್ತು. ಜಪಾನಿನ ಆಕ್ರಮಣದಿಂದ ಅದನ್ನು ತಾಂಬರಂಗೆ ತರಬೇಕಾಯಿತು. ಸುಮಾರು ಎಪ್ಪತ್ತು ದೇಶಗಳ 470ಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಸಭೆಗಳವರಿಗೆ ಹಿಂದೆಂದೂ ಸಿಗದಷ್ಟು ಜಾಗ ಸಿಕ್ಕಿತ್ತು. ಚೀನಾದವರೂ ಜಪಾನಿನವರೂ ಒಂದೇ ಕಡೆ ಕೂತರು. ಎರಡು ದೇಶಗಳ ನಡುವೆ ಬಾಂಬು ಬೀಳುತ್ತಿದ್ದಾಗ ಇದು ಸಣ್ಣ ಸಂಗತಿಯಲ್ಲ. ತಾಳಿಕೊಳ್ಳುವುದು ಒಂಟಿ ಮನುಷ್ಯನ ಎದೆಗಾರಿಕೆಯಲ್ಲ, ಇಡೀ ಕ್ರೈಸ್ತ ಸಭೆಯ ಕೆಲಸ ಎಂಬ ಅರಿವು ಅಲ್ಲಿ ಗಟ್ಟಿಯಾಯಿತು. ಇದು ತಾಂಬರಂನ ಸಾಧನೆ. ನೊಂದವನನ್ನು ತನ್ನ ಕೋಣೆಯಲ್ಲಿ ಒಬ್ಬನೇ ಪ್ರಾರ್ಥಿಸಲು ಬಿಟ್ಟು, ಅವನ ಸೋಲನ್ನು ಅವನ ನಂಬಿಕೆಯ ಕೊರತೆ ಎನ್ನುವ ಇಂದಿನ ಸಮೃದ್ಧಿ ಬೋಧಕರಿಗಿಂತ ಅದು ಬಹಳ ಎತ್ತರದ ನಿಲುವು.

ಸೋಲನ್ನೂ ಅಷ್ಟೇ ನಿಚ್ಚಳವಾಗಿ ಹೇಳಬೇಕು. ಹೊರೆ ಹಂಚಿಕೊಳ್ಳಿ ಎಂದವರು, ಹೊರೆ ಹೊರಿಸಿದವರು ಯಾರು ಎಂದು ಸಾಕಷ್ಟು ಕೇಳಲಿಲ್ಲ. ಕ್ರೇಮರ್‌ಗೆ ಉತ್ತರವೆಂಬಂತೆ ಅದೇ 1938ರಲ್ಲಿ 'ರೀಥಿಂಕಿಂಗ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ' ಹೊರತಂದ ಮದ್ರಾಸಿನ ಗುಂಪು ಕೂಡ ಈ ದೋಷದಿಂದ ಪಾರಾಗಲಿಲ್ಲ. ಅದರ ಮುಂದಾಳು ಪಿ. ಚೆಂಚಯ್ಯ ನ್ಯಾಯಾಧೀಶರು, ವಿ. ಚಕ್ಕರೈ ವಕೀಲರು, ಕಾರ್ಮಿಕ ನಾಯಕರು, ಶಿಲುಬೆ ಮತ್ತು ಭಾರತೀಯ ಚಿಂತನೆಯ ಬಗ್ಗೆ ಪುಸ್ತಕ ಬರೆದವರು. ಅವರ ಬುದ್ಧಿಯ ಹರಹು ಬೆರಗು ಹುಟ್ಟಿಸುತ್ತದೆ. ಆದರೆ ಅವರು ಸಂವಾದಕ್ಕೆ ಆರಿಸಿಕೊಂಡದ್ದು ಹೆಚ್ಚಾಗಿ ಮೇಲ್ಜಾತಿಯ ದರ್ಶನಗಳನ್ನು; ದಕ್ಷಿಣದ ಸಭೆಗಳನ್ನು ತುಂಬಿದ್ದವರು ಹೆಚ್ಚಾಗಿ ದಲಿತರು. ಆ ಜನರಿಗೆ ನೋವು ಅವತಾರದ ತತ್ತ್ವವಾಗಿರಲಿಲ್ಲ. ಆರಾಧನೆಯಲ್ಲಿ ಪ್ರತ್ಯೇಕ ಸಾಲಾಗಿ, ಕೆಲವು ಊರುಗಳಲ್ಲಿ ಪ್ರತ್ಯೇಕ ಸಮಾಧಿ ನೆಲವಾಗಿ, ಸಭೆಯ ಒಳಗಿಂದಲೇ ಅದು ಬರುತ್ತಿತ್ತು. ಅಂಥವರಿಗೆ ತಾಳಿಕೋ ಎಂದರೆ ಹೊರಿಸಿದವನ ಪರ ನಿಂತಂತೆ.

ಈ ಕೊರತೆಗೆ ಉತ್ತರ ಬಂದದ್ದು ಬೆಂಗಳೂರಿನಿಂದ. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರದ ಮಾತೆತ್ತಿದರು. ಮುಂದೆ ಮದ್ರಾಸಿನ ಗುರುಕುಲ ಎಂಬ ದೇವಶಾಸ್ತ್ರ ಕಾಲೇಜಿನಲ್ಲಿ ಅದನ್ನು ದಲಿತ ದೇವಶಾಸ್ತ್ರವಾಗಿ ಬೆಳೆಸಿದರು. ನೋವಿನ ಅರಿವನ್ನು ಅವರು ಚಿಂತನೆಯ ಮೂಲವಾಗಿಸಿದರು, ಕ್ರಿಸ್ತನನ್ನೇ ದಲಿತನೆಂದು ಕಂಡರು. ಇದು ತಾಂಬರಂ ಪರಂಪರೆಯನ್ನು ತಿರಸ್ಕರಿಸಿತು ಎಂದು ಹಲವರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೋವು ನೊಂದವನ ತಪ್ಪಿನ ಫಲವಲ್ಲ ಎಂಬ ಹಾಗ್ ಅವರ ಎಳೆಯನ್ನೇ ಹಿಡಿದು, ಹಾಗಾದರೆ ಯಾರ ತಪ್ಪು ಎಂದು ನಿರ್ಮಲ್ ಮುಂದಿನ ಪ್ರಶ್ನೆ ಕೇಳಿದರು.

ಧರ್ಮ ಕೊಡುವ ಸಹನೆ ಅಫೀಮು, ಅದು ಜನರನ್ನು ಮಲಗಿಸುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೂ ಉತ್ತರ ಇಲ್ಲಿಯೇ ಇದೆ. ತಾಂಬರಂ ಸಭೆಯಲ್ಲಿ ದಕ್ಷಿಣ ಆಫ್ರಿಕದ ಆಲ್ಬರ್ಟ್ ಲುಥುಲಿ ಇದ್ದರು. 1952ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಬಿಡಲು ಒಪ್ಪದೆ ಅವರು ತಮ್ಮ ಬುಡಕಟ್ಟಿನ ಮುಖ್ಯಸ್ಥನ ಪಟ್ಟ ಕಳೆದುಕೊಂಡರು. ಆಗ ಹೊರಡಿಸಿದ ಹೇಳಿಕೆಯಲ್ಲಿ ಬಿಡುಗಡೆಯ ದಾರಿಯನ್ನು ಶಿಲುಬೆಗೆ ಜೋಡಿಸಿದರು. ಅವರ ತಾಳ್ಮೆ ಯಾರನ್ನೂ ಮಲಗಿಸಲಿಲ್ಲ. ನಮ್ಮಲ್ಲೂ ಅಂಥ ತಾಳ್ಮೆಯ ಉದಾಹರಣೆ ಇದೆ. ಪರಿಶಿಷ್ಟ ಜಾತಿಗಳ 1950ರ ಆದೇಶದ ಮೂರನೆಯ ಕಂಡಿಕೆ ದಲಿತ ಕ್ರೈಸ್ತರನ್ನು ಹೊರಗಿಟ್ಟಿದೆ. ಅದೇ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಧರ್ಮ ಬದಲಾದರೂ ಜಾತಿಯ ಗಾಯ ಉಳಿಯುತ್ತದೆ ಎಂದು ರಾಜ್ಯವೇ ಒಪ್ಪಿದಂತಾಯಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಧರ್ಮದ ಷರತ್ತು ತೆಗೆಯಲು ಶಿಫಾರಸು ಮಾಡಿತು. ದಶಕಗಳಿಂದ ದಲಿತ ಕ್ರೈಸ್ತರು ಅರ್ಜಿ, ಮೆರವಣಿಗೆ, ನ್ಯಾಯಾಲಯ ಎಂದು ಅಲೆಯುತ್ತಲೇ ಇದ್ದಾರೆ, ನಂಬಿಕೆಯನ್ನೂ ಬಿಟ್ಟಿಲ್ಲ, ಹಕ್ಕನ್ನೂ ಬಿಟ್ಟಿಲ್ಲ. ತಾಂಬರಂನ ವಾರಸುದಾರ ಸಭೆಗಳು ಅವರ ಪರವಾಗಿ ಸರ್ಕಾರಕ್ಕೆ ಮನವಿ ಸಲ್ಲಿಸುತ್ತವೆ. ತಮ್ಮದೇ ಸಮಾಧಿ ನೆಲಗಳ ಗೋಡೆಗಳ ವಿಷಯದಲ್ಲಿ ಅಷ್ಟು ಗಟ್ಟಿ ದನಿಯಲ್ಲಿ ಮಾತಾಡುವುದು ಇನ್ನೂ ಬಾಕಿ ಇದೆ.