ಎಲುಬಿನ ಉಂಗುರ ಓದುವ ಬಗೆ: ರಸಿಕರಿಗೊಂದು ಕೈಪಿಡಿ

ಮ್ಯೂಸಿಯಂನಲ್ಲಿ ಡೈನೋಸಾರ್ ಅಸ್ಥಿಪಂಜರದ ಎದುರು ನಿಂತಾಗ ನಾವೆಲ್ಲ ಮೊದಲು ತಲೆಯೆತ್ತಿ ನೋಡುತ್ತೇವೆ. ಎತ್ತರ, ಬಾಲ, ಹಲ್ಲು ನೋಡುವಷ್ಟರಲ್ಲಿ ಕಣ್ಣು ತುಂಬಿಹೋಗುತ್ತದೆ. ಆದರೆ ಆ ಪ್ರಾಣಿ ಹೇಗೆ ಬೆಳೆಯಿತು, ಎಷ್ಟು ವರ್ಷ ಬದುಕಿತು ಎಂಬುದು ಕಾಣಸಿಗುವುದು ಅಂಗೈಯಗಲದ ಗಾಜಿನ ಸ್ಲೈಡಿನಲ್ಲಿ. ತೊಡೆಯ ಅಥವಾ ಮೊಣಕಾಲ ಕೆಳಗಿನ ಎಲುಬನ್ನು ಅಡ್ಡ ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಇದನ್ನು ಮಾಡುತ್ತಾರೆ. ಎಲುಬು ಕಲ್ಲಾಗಿದ್ದರೂ ಅದರ ನೇಯ್ಗೆ ಹಾಗೇ ಉಳಿದಿರುತ್ತದೆ.

ಮೊದಲ ಪಾಠ ಮನೆಯಲ್ಲಿ
ತೇಗದ ದಿಮ್ಮಿಯ ಕೊಯ್ದ ಮುಖ ನೋಡಿ, ವರ್ಷಕ್ಕೊಂದು ಉಂಗುರ. ಕಾಲುಸೂಪಿನ ಎಲುಬು ನೋಡಿ. ಸುತ್ತ ಗಟ್ಟಿ ಗೋಡೆ, ನಡುವೆ ಮಜ್ಜೆಯ ಪೊಳ್ಳು. ಈ ಎರಡೂ ಕಣ್ಣಿನಲ್ಲಿದ್ದರೆ ಸ್ಲೈಡ್ ಅಪರಿಚಿತವೆನಿಸದು.

ರಂಧ್ರಗಳು
ಗೋಡೆಯ ತುಂಬ ಕಾಣುವ ಸಣ್ಣ ತೂತುಗಳು ರಕ್ತನಾಳಗಳ ಹಾದಿ. ಅವು ಒತ್ತೊತ್ತಾಗಿದ್ದು, ಸುತ್ತಲಿನ ನಾರುಗಳು ಅಡ್ಡಾದಿಡ್ಡಿಯಾಗಿದ್ದರೆ ಎಲುಬು ಅವಸರದಲ್ಲಿ ಕಟ್ಟಿಕೊಂಡಿತು ಎಂದರ್ಥ. ಇಂಥ ನೇಯ್ಗೆ ಹಕ್ಕಿ, ಸಸ್ತನಿಗಳಲ್ಲಿ ಸಾಮಾನ್ಯ. ಡೈನೋಸಾರ್‌ಗಳು ಹಲ್ಲಿಗಳಂತೆ ನಿಧಾನವಾಗಿ ಬೆಳೆದವೆಂಬ ಹಳೆಯ ನಂಬಿಕೆ ಕುಸಿಯಲು ಅವುಗಳ ಎಲುಬಿನಲ್ಲೂ ಇದೇ ನೇಯ್ಗೆ ಕಂಡದ್ದು ದೊಡ್ಡ ಕಾರಣ.

ಗೆರೆಗಳು, ಅವುಗಳ ನಡುವಿನ ಜಾಗ
ಬೆಳವಣಿಗೆ ನಿಂತ ಋತುವಿನಲ್ಲಿ ತೆಳು ಗೆರೆ ಮೂಡುತ್ತದೆ. ಹೊಸಬರು ಗೆರೆ ಎಣಿಸಿ ಸಂತೋಷಪಡುತ್ತಾರೆ. ಪಳಗಿದ ಕಣ್ಣು ಗೆರೆಗಳ ನಡುವಿನ ಅಂತರದಲ್ಲಿ ನಿಲ್ಲುತ್ತದೆ. ಬೆಳೆದದ್ದೆಲ್ಲ ಅಲ್ಲಿದೆ. ಅಗಲ ಪಟ್ಟಿ ಸಮೃದ್ಧ ವರ್ಷ, ಕಿರಿದಾದ ಪಟ್ಟಿ ನಿಧಾನದ ವರ್ಷ. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ ‘ಸೂ’ ಎಂಬ ಟೈರನೋಸಾರಸ್ ಸುಮಾರು 28 ವರ್ಷ ಬದುಕಿತ್ತೆಂದು 2004ರ ಅಧ್ಯಯನ ಲೆಕ್ಕಹಾಕಿತು. ಹದಿಹರೆಯದಲ್ಲಿ ಈ ಜಾತಿ ದಿನಕ್ಕೆ ಸುಮಾರು 2 ಕೆಜಿ ತೂಕ ಹೆಚ್ಚಿಸಿಕೊಳ್ಳುತ್ತಿತ್ತು ಎಂಬ ಅಂದಾಜೂ ಅದರದೇ.

ಹೊರ ಅಂಚು
ಗೆರೆಗಳು ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಒತ್ತಿದ್ದರೆ ಬೆಳವಣಿಗೆ ಮುಗಿದಿತ್ತು. ಜರ್ಮನಿಯ ಗಣಿಯೊಂದರಲ್ಲಿ ಸಿಕ್ಕ, ಸುಮಾರು ಆರು ಮೀಟರ್‌ವರೆಗಿನ ಉದ್ದಕತ್ತಿನ ಡೈನೋಸಾರ್‌ಗಳು ದೈತ್ಯರ ಮರಿಗಳಂತೆಯೇ ಕಾಣುತ್ತಿದ್ದವು. ಅಂಚು ನೋಡಿದಾಗ ದೊಡ್ಡವು ಪೂರ್ತಿ ಬಲಿತಿದ್ದವು! 2006ರಲ್ಲಿ ಯೂರೋಪಸಾರಸ್ ಎಂದು ಹೆಸರಾದ ಇವು ದ್ವೀಪದಲ್ಲಿ ಕುಬ್ಜವಾದ ಜಾತಿ. ಗಾತ್ರ ನೋಡಿ ವಯಸ್ಸು ಹೇಳಬಾರದೆಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕೆ?

ಒಳಗಿನ ಪೊಳ್ಳು
ಎಲುಬು ದಪ್ಪವಾಗುತ್ತ ಹೋದಂತೆ ಒಳಗಿನಿಂದ ಕರಗುತ್ತದೆ. ಬಾಲ್ಯದ ಉಂಗುರಗಳು ಅಳಿಸಿಹೋಗುತ್ತವೆ. ಹಾಗಾಗಿ ಒಂದೇ ಸ್ಲೈಡಿಗೆ ತೃಪ್ತರಾಗಬೇಡಿ. ಮರಿ, ಪ್ರಾಯದ್ದು, ಮುದಿ, ಎಲ್ಲವನ್ನೂ ಸಾಲಾಗಿ ನೋಡಿ. ಮೊಂಟಾನಾದಲ್ಲಿ ಒಂದೇ ಎಲುಬುರಾಶಿಯಿಂದ ಮಯಸಾರ ಎಂಬ ಡೈನೋಸಾರ್‌ಗಳ 50 ಕಾಲೆಲುಬುಗಳನ್ನು ಹೀಗೆ ಓದಿದ ಅಧ್ಯಯನ 2015ರಲ್ಲಿ ಬಂತು. ಮೂರನೆಯ ವರ್ಷದ ಹೊತ್ತಿಗೆ ಪ್ರಾಯ, ಎಂಟರ ಹೊತ್ತಿಗೆ ಪೂರ್ಣ ಬೆಳವಣಿಗೆ. ಸಾವು ಅತಿ ಹೆಚ್ಚು ಬಂದದ್ದು ಮಾತ್ರ ಮೊದಲ ವರ್ಷದಲ್ಲೇ.

ಆ ಎಳೆಯ ಎಲುಬುಗಳಲ್ಲಿ ರಂಧ್ರಗಳು ತುಂಬಿವೆ, ಬೆಳೆಯುವ ಅವಸರವೆಲ್ಲ ಇದೆ. ಗೆರೆ ಮಾತ್ರ ಒಂದೂ ಇಲ್ಲ. ಆ ಸ್ಲೈಡಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ.