ಮಣಿಕಟ್ಟಿನ ಆಂಜಿಯೋಪ್ಲಾಸ್ಟಿ: ರೋಗಿಯ ಕಡೆಯಿಂದ ಒಂದು ಮೌಲ್ಯಮಾಪನ

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆಯೇ ಎಂದು ನೋಡಲು, ಇದ್ದರೆ ತೆಗೆಯಲು, ಇಂದು ವೈದ್ಯರು ಹೆಚ್ಚಾಗಿ ಹಿಡಿಯುವ ದಾರಿ ಮಣಿಕಟ್ಟಿನದು. ಹೆಬ್ಬೆರಳಿನ ಬುಡದ ಕೆಳಗೆ, ನಾಡಿ ನೋಡುವ ಜಾಗದಲ್ಲಿ ಮಿಡಿಯುವ ರೇಡಿಯಲ್ ಅಪಧಮನಿಗೆ ಸೂಜಿ ಚುಚ್ಚಿ ಸಣ್ಣ ಕೊಳವೆಯೊಂದನ್ನು ಕೂರಿಸುತ್ತಾರೆ. ಅದರೊಳಗಿಂದ ಕ್ಯಾಥೆಟರ್ ತೋಳು, ಹೆಗಲು ದಾಟಿ ಹೃದಯದ ಬಾಯಿಗೆ ಹೋಗುತ್ತದೆ. ಆಂಜಿಯೋಗ್ರಾಂ ಆದರೆ ಡೈ ಬಿಟ್ಟು ಚಿತ್ರ ತೆಗೆಯುತ್ತಾರೆ. ಆಂಜಿಯೋಪ್ಲಾಸ್ಟಿ ಆದರೆ ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸುತ್ತಾರೆ. ರೋಗಿ ಅಷ್ಟೂ ಹೊತ್ತು ಎಚ್ಚರವಾಗಿಯೇ ಇರುತ್ತಾನೆ. ಹಾಗಾಗಿ ಈ ವಿಧಾನದ ಗುಣದೋಷ ಅಳೆಯುವಾಗ ವೈದ್ಯರ ಅಂಕಿಅಂಶದ ಜೊತೆಗೆ ಮೇಜಿನ ಮೇಲೆ ಮಲಗಿದವರ ಅನುಭವವೂ ಲೆಕ್ಕಕ್ಕೆ ಬರಬೇಕು.

ಈ ದಾರಿ ಬಳಕೆಗೆ ಬಂದದ್ದು ತಡವಾಗಿ. 1977ರಲ್ಲಿ ಜ್ಯೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಬಾರಿಗೆ ಹೃದಯದ ರಕ್ತನಾಳಕ್ಕೆ ಬಲೂನು ಹಾಕಿದ್ದು ತೊಡೆಸಂದಿನ ಮೂಲಕ. ಮಾಂಟ್ರಿಯಲ್‌ನ ಲೂಸಿಯನ್ ಕಾಂಪೋ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದ ನೂರು ರೋಗಿಗಳ ವರದಿ ಪ್ರಕಟಿಸಿದ್ದು 1989ರಲ್ಲಿ. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನಾಂಡ್ ಕಿಮೆನೈ ಅದೇ ದಾರಿಯಿಂದ ಆಂಜಿಯೋಪ್ಲಾಸ್ಟಿ ಮಾಡಿ ತೋರಿಸಿದರು. ಭಾರತದಲ್ಲಿ ಇದನ್ನು ಬೆಳೆಸಿ ಇತರರಿಗೂ ಕಲಿಸಿದವರಲ್ಲಿ ಅಹಮದಾಬಾದಿನ ಡಾ. ತೇಜಸ್ ಪಟೇಲ್ ಪ್ರಮುಖರು.

ಮಣಿಕಟ್ಟು ತಂದ ನೆಮ್ಮದಿ ಅರ್ಥವಾಗಬೇಕಾದರೆ ತೊಡೆಸಂದಿನ ಅನುಭವ ಗೊತ್ತಿರಬೇಕು. ಅಲ್ಲಿನ ರಕ್ತನಾಳ ದೊಡ್ಡದು ಮತ್ತು ಆಳದಲ್ಲಿರುವಂಥದ್ದು. ರಕ್ತ ಒಳಗೇ ಸೋರಿದರೆ ಬೇಗ ಕಾಣುವುದಿಲ್ಲ. ಕೊಳವೆ ತೆಗೆದ ಮೇಲೆ ಸಿಬ್ಬಂದಿ ಬಹಳ ಹೊತ್ತು ಕೈಯಿಂದ ಒತ್ತಿ ಹಿಡಿಯುತ್ತಾರೆ. ಅನೇಕ ಆಸ್ಪತ್ರೆಗಳಲ್ಲಿ ಅದರ ಮೇಲೆ ಮರಳಿನ ಚೀಲ ಇಡುವ ರೂಢಿಯಿದೆ. ರೋಗಿ ಗಂಟೆಗಟ್ಟಲೆ ಕಾಲು ಮಡಿಸದೆ ಅಂಗಾತ ಮಲಗಬೇಕು, ಮೂತ್ರಕ್ಕೂ ಏಳುವಂತಿಲ್ಲ. ಬೆನ್ನುನೋವು ಇದ್ದವರಿಗೆ, ಪ್ರಾಸ್ಟೇಟ್ ತೊಂದರೆಯ ವೃದ್ಧರಿಗೆ ಹೃದಯದ ನೋವಿಗಿಂತ ಇದೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಹೆಂಗಸರಿಗೆ ಮೈ ಮುಚ್ಚಿಕೊಳ್ಳಲಾಗದ ಸಂಕೋಚ ಬೇರೆ. ಮಣಿಕಟ್ಟಿನ ವಿಧಾನ ಇದನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿತು. ಮುಗಿದ ಸ್ವಲ್ಪ ಹೊತ್ತಿಗೆ ರೋಗಿ ಎದ್ದು ಕೂರುತ್ತಾನೆ, ತಾನೇ ನಡೆದು ಶೌಚಾಲಯಕ್ಕೆ ಹೋಗಿಬರುತ್ತಾನೆ. ರೋಗಿಗಳು ಈ ವಿಧಾನವನ್ನು ಮೆಚ್ಚುವುದಕ್ಕೆ ದೊಡ್ಡ ಕಾರಣ ಈ ಸ್ವಾತಂತ್ರ್ಯ.

ಅಧ್ಯಯನಗಳೂ ಇದನ್ನೇ ಹೇಳುತ್ತವೆ. 2011ರಲ್ಲಿ ಪ್ರಕಟವಾದ ರೈವಲ್ ಅಧ್ಯಯನದಲ್ಲಿ 7,021 ರೋಗಿಗಳಿದ್ದರು. ರಕ್ತನಾಳದ ದೊಡ್ಡ ತೊಡಕುಗಳು ತೊಡೆಯ ಗುಂಪಿನಲ್ಲಿ ಶೇ. 3.7, ಮಣಿಕಟ್ಟಿನ ಗುಂಪಿನಲ್ಲಿ ಶೇ. 1.4. ಮತ್ತೊಮ್ಮೆ ಮಾಡಬೇಕಾದರೆ ಯಾವ ದಾರಿ ಬೇಕು ಎಂಬ ಪ್ರಶ್ನೆಗೆ, ಮಣಿಕಟ್ಟಿನಿಂದ ಮಾಡಿಸಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅದೇ ಇರಲಿ ಎಂದರು. ತೊಡೆಯಿಂದ ಮಾಡಿಸಿಕೊಂಡವರಲ್ಲೂ ಸುಮಾರು ಅರ್ಧದಷ್ಟು ಜನ ಮುಂದಿನ ಸಲ ಕೈಯಿಂದ ಮಾಡಿ ಎಂದರು. 2015ರ ಮ್ಯಾಟ್ರಿಕ್ಸ್ ಅಧ್ಯಯನದ 8,404 ರೋಗಿಗಳಲ್ಲಿ ಸಾವಿನ ಪ್ರಮಾಣವೂ ಕಡಿಮೆ ಕಂಡಿತು: ಶೇ. 2.2ರ ಬದಲು ಶೇ. 1.6. ಆದರೆ 2020ರಲ್ಲಿ ಪ್ರಕಟವಾದ ಕೆನಡಾದ ಸಫಾರಿ ಅಧ್ಯಯನದಲ್ಲಿ ತೀವ್ರ ಹೃದಯಾಘಾತದ ರೋಗಿಗಳ ಸಾವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಪಳಗಿದ ಕೈಯಲ್ಲಿ ತೊಡೆಯ ದಾರಿಯೂ ಸುರಕ್ಷಿತವೇ. ಹೀಗಾಗಿ ಮಣಿಕಟ್ಟಿನ ಮೇಲುಗೈ ರಕ್ತಸ್ರಾವ ಮತ್ತು ರೋಗಿಯ ನೆಮ್ಮದಿಯ ವಿಷಯದಲ್ಲಿ ಖಚಿತ. ಜೀವ ಉಳಿಸುವ ವಿಷಯದಲ್ಲಿ ಅಷ್ಟೇ ಖಚಿತವಾಗಿ ಹೇಳುವಂತಿಲ್ಲ.

ಇನ್ನು ಮೇಜಿನ ಮೇಲಿನ ಅನುಭವ. ಮರಗಟ್ಟಿಸುವ ಇಂಜೆಕ್ಷನ್ನಿನ ಉರಿ ಎಲ್ಲರೂ ಹೇಳುವಂಥದ್ದು. ರಕ್ತನಾಳ ಸೆಟೆದುಕೊಳ್ಳದಂತೆ ಕೊಳವೆಯ ಮೂಲಕ ಕೊಡುವ ಔಷಧಿಯಿಂದ ಅಂಗೈವರೆಗೆ ಬಿಸಿ ಹರಿದಂತಾಗುತ್ತದೆ. ಹೆಚ್ಚಿನವರಿಗೆ ಅಷ್ಟಕ್ಕೇ ಮುಗಿಯಿತು. ಕೆಲವರಿಗೆ ಮಾತ್ರ ಕ್ಯಾಥೆಟರ್ ಒಳಗೆ ಹೋಗುವಾಗ ಮುಂಗೈಯಿಂದ ಮೊಣಕೈವರೆಗೆ ಎಳೆದು ಹಿಡಿದಂಥ ನೋವು ಬರುತ್ತದೆ. ರೇಡಿಯಲ್ ಅಪಧಮನಿಯ ಒಳ ಅಗಲ ಎರಡರಿಂದ ಮೂರು ಮಿಲಿಮೀಟರ್ ಮಾತ್ರ, ಸಾಮಾನ್ಯವಾಗಿ ಬಳಸುವ ಕೊಳವೆಯ ಹೊರ ಅಗಲವೂ ಎರಡೂವರೆ ಮಿಲಿಮೀಟರಿನ ಆಸುಪಾಸು. ಹೆಂಗಸರಲ್ಲಿ, ಸಣ್ಣ ಮೈಕಟ್ಟಿನವರಲ್ಲಿ, ತುಂಬ ಹೆದರಿದವರಲ್ಲಿ ಸೆಳೆತ ಹೆಚ್ಚು. ವಯಸ್ಸಾದವರಲ್ಲಿ, ಬಹುಕಾಲದ ಬಿಪಿ ಇರುವವರಲ್ಲಿ ಹೆಗಲಿನ ಬಳಿ ರಕ್ತನಾಳ ಸುತ್ತಿಕೊಂಡಿರುತ್ತದೆ. ಆಗ ವೈದ್ಯರು "ಉಸಿರು ಜೋರಾಗಿ ಎಳೆದು ಹಿಡಿದುಕೊಳ್ಳಿ" ಎನ್ನುತ್ತಾರೆ. ಎದೆ ಉಬ್ಬಿದಾಗ ಆ ತಿರುವು ನೇರವಾಗಿ ಕ್ಯಾಥೆಟರ್ ಕೆಳಗಿಳಿಯುತ್ತದೆ. ಕಾರಣ ಮೊದಲೇ ತಿಳಿದಿದ್ದರೆ ರೋಗಿ ಸಹಕರಿಸುತ್ತಾನೆ. ತಿಳಿಯದಿದ್ದರೆ ಏನೋ ಎಡವಟ್ಟಾಯಿತೆಂದು ಗಾಬರಿಯಾಗುತ್ತಾನೆ, ಗಾಬರಿಯಿಂದ ಸೆಳೆತ ಇನ್ನೂ ಹೆಚ್ಚುತ್ತದೆ. ಮುಂಚಿತವಾಗಿ ಹೇಳುವ ಎರಡು ಮಾತಿಗೆ ಇಲ್ಲಿ ಔಷಧಿಯಷ್ಟೇ ಬೆಲೆಯಿದೆ.

ಕೈಯಿಂದ ಆಗದಿದ್ದರೆ ತೊಡೆಗೆ ಹೋಗಬೇಕಾಗುತ್ತದೆ. ರೈವಲ್ ಅಧ್ಯಯನದಲ್ಲೇ ನೂರಕ್ಕೆ ಏಳೆಂಟು ರೋಗಿಗಳಲ್ಲಿ ಹೀಗಾಯಿತು. ಎರಡೂ ಸಾಧ್ಯತೆಯನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ ತಿಳಿಸಬೇಕು. ಕೈಯಿಂದ ಮಾಡುತ್ತೇವೆ ಎಂದಷ್ಟೇ ಕೇಳಿ ಒಳಗೆ ಹೋದವರು ತೊಡೆಗೆ ಬ್ಯಾಂಡೇಜು ಹಾಕಿಸಿಕೊಂಡು ಬಂದರೆ ಮನೆಯವರಿಗೆ ಸಂಶಯ ಹುಟ್ಟುವುದು ಸಹಜ.

ಈ ವಿಧಾನದ ನಿಜವಾದ ಕೊರತೆ ಕಾಣುವುದು ಮೇಜಿನಿಂದ ಇಳಿದ ಮೇಲೆ. ಕೊಳವೆ ತೆಗೆದು ಮಣಿಕಟ್ಟಿಗೆ ಪಾರದರ್ಶಕ ಪಟ್ಟಿ ಸುತ್ತಿ, ಸಿರಿಂಜಿನಿಂದ ಗಾಳಿ ತುಂಬುತ್ತಾರೆ. ಆ ಒತ್ತಡ ರಕ್ತ ನಿಲ್ಲುವಷ್ಟಿರಬೇಕು, ರಕ್ತಸಂಚಾರ ನಿಲ್ಲುವಷ್ಟಿರಬಾರದು. ರಕ್ತ ಜಿನುಗೀತೆಂಬ ಭಯಕ್ಕೆ ಬಿಗಿಯಾಗಿ ಕಟ್ಟಿ ಬಿಟ್ಟರೆ ಕೈ ಊದಿಕೊಳ್ಳುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗಬಹುದು. ಅಂಗೈಗೆ ಅಲ್ನಾರ್ ಅಪಧಮನಿಯಿಂದಲೂ ರಕ್ತ ಬರುವುದರಿಂದ ಕೈಗೆ ಸಾಮಾನ್ಯವಾಗಿ ಅಪಾಯವಿಲ್ಲ. ಹಾಗಾಗಿಯೇ ಇದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಆದರೆ ಮುಚ್ಚಿದ ನಾಳ ಮುಂದಿನ ಆಂಜಿಯೋಗ್ರಾಂಗೆ ಸಿಗದು, ಬೈಪಾಸ್‌ಗೆ ನಾಳವಾಗಿ ತೆಗೆಯಲು ಬಾರದು. ಕಿಡ್ನಿ ಕಾಯಿಲೆಯವರಿಗೆ ಮುಂದೆ ಡಯಾಲಿಸಿಸ್‌ಗಾಗಿ ಅದೇ ಮಣಿಕಟ್ಟಿನಲ್ಲಿ ಫಿಸ್ಟುಲಾ ಬೇಕಾಗಬಹುದು. ಅಂಥವರ ರೇಡಿಯಲ್ ನಾಳವನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸಬೇಕು.

ಇದನ್ನು ತಡೆಯುವ ಕ್ರಮ ಸರಳ ಮತ್ತು ಅಗ್ಗ. ರೋಗಿಯ ಬೆರಳಿಗೆ ಆಕ್ಸಿಮೀಟರ್ ಹಾಕಿ, ಅಲ್ನಾರ್ ನಾಳವನ್ನು ಹೆಬ್ಬೆರಳಿನಿಂದ ಒತ್ತಿ, ಪಟ್ಟಿಯ ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ಬರಬೇಕು. ಪರದೆಯ ಮೇಲೆ ಅಲೆ ಮರಳಿದರೆ ರೇಡಿಯಲ್ ನಾಳದಲ್ಲಿ ರಕ್ತ ಹರಿಯುತ್ತಿದೆ ಎಂದರ್ಥ. ರಕ್ತ ಜಿನುಗದೆ, ಅಲೆಯೂ ನಿಲ್ಲದ ಆ ಒತ್ತಡದಲ್ಲಿ ಪಟ್ಟಿಯನ್ನು ಬಿಡಬೇಕು. 2008ರಲ್ಲಿ ಡಾ. ಸಮೀರ್ ಪಾಂಚೋಲಿ ಮತ್ತು ಸಂಗಡಿಗರು 436 ರೋಗಿಗಳಲ್ಲಿ ಹೀಗೆ ಮಾಡಿ ನೋಡಿದಾಗ, ತಿಂಗಳ ಬಳಿಕ ನಾಳ ಮುಚ್ಚಿದ್ದವರ ಪ್ರಮಾಣ ಶೇ. 7ರಿಂದ ಶೇ. 1.8ಕ್ಕೆ ಇಳಿಯಿತು. 2022ರ ಡಿಸ್ಕೋ ರೇಡಿಯಲ್ ಅಧ್ಯಯನದಲ್ಲಿ ಎಲ್ಲ ಉತ್ತಮ ಕ್ರಮಗಳನ್ನೂ ಪಾಲಿಸಿದ್ದರಿಂದ ಅದು ಶೇ. 1ಕ್ಕಿಂತ ಕೆಳಗೇ ನಿಂತಿತು. ಇಷ್ಟು ಗೊತ್ತಿದ್ದ ಮೇಲೂ ಗಡಿಯಾರ ನೋಡಿ ಪಟ್ಟಿ ಬಿಚ್ಚಿ, ನಾಡಿ ನೋಡದೆ ಮನೆಗೆ ಕಳಿಸುವುದನ್ನು ಸಮರ್ಥಿಸಲಾಗದು.

ಮನೆಗೆ ಹೋದ ಮೇಲಿನ ಪಾಡು ಊರೂರಿಗೆ ಬೇರೆ. ಪುಣೆಯ ದಕ್ಷಿಣ ಅಂಚಿನ ಕಾತ್ರಜ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತಿ ವಿದ್ಯಾಪೀಠದ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇರುವುದು ಇಲ್ಲೇ, ಸಾತಾರಾ ರಸ್ತೆಯಲ್ಲಿ. ಸಾತಾರಾ, ಕೊಲ್ಹಾಪುರ, ಬೆಳಗಾವಿಯ ಕಡೆಯಿಂದ ಬರುವವರಿಗೆ ಕಾತ್ರಜದ ಘಟ್ಟ ಇಳಿದರೆ ಪುಣೆ ಸಿಕ್ಕಂತೆ. ಬೇಗ ಡಿಸ್ಚಾರ್ಜ್ ಆಗುವುದು ಮಣಿಕಟ್ಟಿನ ವಿಧಾನದ ಹೆಗ್ಗಳಿಕೆ. ಆದರೆ ಮರುದಿನವೇ ಕೊಲ್ಹಾಪುರಕ್ಕೆ 230 ಕಿಲೋಮೀಟರು, ಬೆಳಗಾವಿಗೆ ಅದರ ಮೇಲೆ ಇನ್ನೂ ನೂರರಷ್ಟು ಪಯಣಿಸುವವರ ಆರೈಕೆ ಪೂರ್ತಿ ಮನೆಯವರ ಪಾಲಿಗೆ ಬರುತ್ತದೆ. ದಾರಿಯಲ್ಲಿ ಗಾಯದಿಂದ ರಕ್ತ ಬಂದರೆ ಚುಚ್ಚಿದ ಜಾಗವನ್ನೇ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಹತ್ತಿರದ ಆಸ್ಪತ್ರೆಗೆ ಹೋಗಬೇಕೆಂಬುದು ಜೊತೆಗಿರುವವರಿಗೆ ಗೊತ್ತಿರಬೇಕು. ಕೈ ತಣ್ಣಗಾದರೆ, ಬಿಳಿಚಿಕೊಂಡರೆ, ಮುಂಗೈ ಕಲ್ಲಿನಂತೆ ಬಿಗಿದು ನೋವು ಏರುತ್ತ ಹೋದರೆ ಕಾಯುವಂತಿಲ್ಲ.

ದಿನನಿತ್ಯದ ಕೆಲಸದ ಪ್ರಶ್ನೆಗಳೂ ಇವೆ. ಚುಚ್ಚುವುದು ಹೆಚ್ಚಾಗಿ ಬಲಗೈಗೆ. ಊಟ ಮಾಡುವುದು, ಭಾಕರಿ ತಟ್ಟುವುದು, ಕೊಡ ಎತ್ತುವುದು ಎಲ್ಲ ಅದೇ ಕೈಯಲ್ಲಿ. ದ್ವಿಚಕ್ರ ವಾಹನಗಳ ಊರಾದ ಪುಣೆಯಲ್ಲಿ ಸ್ಕೂಟರಿನ ಆಕ್ಸಿಲರೇಟರ್ ತಿರುಗಿಸುವುದೂ ಬಲ ಮಣಿಕಟ್ಟೇ. "ಭಾರ ಎತ್ತಬೇಡಿ" ಎಂಬ ಒಂದು ಸಾಲಿನಲ್ಲಿ ಇದ್ಯಾವುದಕ್ಕೂ ಉತ್ತರವಿಲ್ಲ. ಕೂಲಿಯವನು, ಹಾಲಿನ ಕ್ಯಾನ್ ಎತ್ತುವವನು, ಮನೆ ನಡೆಸುವ ಹೆಂಗಸು ಯಾವ ಕೆಲಸಕ್ಕೆ ಯಾವಾಗ ಮರಳಬಹುದೆಂದು ಬಿಡಿಸಿ ಹೇಳಬೇಕು. ಸಾಧ್ಯವಿದ್ದಲ್ಲಿ ಎಡಗೈ ಆರಿಸಿದರೆ ಎಷ್ಟೋ ತೊಂದರೆ ತಪ್ಪುತ್ತದೆ. ಹಿಂದೆ ಬೈಪಾಸ್ ಆದವರಿಗಂತೂ ಎಡಗೈಯೇ ಅನುಕೂಲ, ಏಕೆಂದರೆ ಕಸಿಗೆ ಬಳಸುವ ಎದೆಯ ನಾಳ ಹೆಚ್ಚಾಗಿ ಎಡಭಾಗದ್ದು.

ಸೂಚನೆಗಳು ಯಾವ ಭಾಷೆಯಲ್ಲಿವೆ ಎಂಬುದೂ ಚಿಕಿತ್ಸೆಯ ಭಾಗವೇ. ಪುಣೆಯಲ್ಲಿ ದುಡಿಯುವ ಕನ್ನಡಿಗರಿಗೆ ಮರಾಠಿ ಬರುತ್ತದೆ. ಚಿಕಿತ್ಸೆಗೆಂದು ಊರಿನಿಂದ ಕರೆತಂದ ಅಪ್ಪ ಅಮ್ಮನಿಗೆ ಬರಬೇಕೆಂದಿಲ್ಲ. ಮಗನೋ ಸೊಸೆಯೋ ಹೇಳಿದಷ್ಟೇ ಅವರಿಗೆ ತಿಳಿಯುತ್ತದೆ. ಮೇಜಿನ ಮೇಲೆ ಮಲಗಿದಾಗ ಪಕ್ಕದಲ್ಲಿ ಅವರೂ ಇರುವುದಿಲ್ಲ. ಉಸಿರು ಹಿಡಿ, ಕೈ ಅಲುಗಿಸಬೇಡ, ನೋವಾದರೆ ಹೇಳು ಎಂಬ ಮೂರು ಮಾತನ್ನು ರೋಗಿಯ ಭಾಷೆಯಲ್ಲಿ ಕಲಿತಿಟ್ಟುಕೊಳ್ಳುವುದು ಗಡಿಸೀಮೆಯ ರೋಗಿಗಳು ಬರುವ ಯಾವ ಆಸ್ಪತ್ರೆಗೂ ಹೊರೆಯಲ್ಲ.

ಕೊನೆಯ ಆಕ್ಷೇಪ ವಿಧಾನದ ಯಶಸ್ಸಿನಿಂದಲೇ ಹುಟ್ಟಿದ್ದು. ಗಾಯ ಚಿಕ್ಕದಾದ್ದರಿಂದ ಕಾಯಿಲೆಯೂ ಚಿಕ್ಕದೆಂಬ ಭಾವನೆ ಬೆಳೆಯುತ್ತದೆ. ಮಣಿಕಟ್ಟಿನಲ್ಲಿ ಉಳಿಯುವುದು ಒಂದು ಚುಕ್ಕೆ, ಒಂದಿಷ್ಟು ನೀಲಿ ಕಲೆ. ಒಳಗೆ ಕೂತಿರುವುದು ಲೋಹದ ಸ್ಟೆಂಟ್. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಥಟ್ಟನೆ ಮುಚ್ಚಿ ಜೀವಕ್ಕೇ ಕುತ್ತು ಬರಬಹುದು. ತಂಬಾಕು, ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಯಾವುದೂ ಸ್ಟೆಂಟಿನಿಂದ ಸರಿಹೋಗುವುದಿಲ್ಲ.

ಒಟ್ಟಿನಲ್ಲಿ ಮಣಿಕಟ್ಟಿನ ದಾರಿಗೆ ಮೊದಲ ಸ್ಥಾನ ಸಿಕ್ಕಿರುವುದು ನ್ಯಾಯವಾಗಿಯೇ. ರಕ್ತಸ್ರಾವ ತಗ್ಗಿಸಿ, ರೋಗಿಯನ್ನು ಬೇಗ ಎಬ್ಬಿಸಿ, ಮಾನ ಉಳಿಸುವ ಚಿಕಿತ್ಸೆ ಅದು. ಆ ಹೆಸರನ್ನು ಅದು ಉಳಿಸಿಕೊಳ್ಳಬೇಕಾದರೆ ಪ್ರತಿ ಆಸ್ಪತ್ರೆಯೂ ನಾಲ್ಕು ಕೆಲಸಗಳನ್ನು ರೂಢಿ ಮಾಡಿಕೊಳ್ಳಬೇಕು: ಮೊದಲೇ ರೋಗಿಯ ಭಾಷೆಯಲ್ಲಿ ವಿವರಿಸುವುದು, ಯಾವ ಕೈ ಎಂದು ರೋಗಿಯ ದುಡಿಮೆ ಕೇಳಿ ತೀರ್ಮಾನಿಸುವುದು, ರಕ್ತಸಂಚಾರ ನಿಲ್ಲದಂತೆ ಪಟ್ಟಿ ಕಟ್ಟುವುದು, ಡಿಸ್ಚಾರ್ಜ್‌ಗೆ ಮೊದಲೂ ಮೊದಲ ಮರುಭೇಟಿಯಲ್ಲೂ ಮಣಿಕಟ್ಟಿನ ನಾಡಿ ನೋಡಿ ಬರೆದಿಡುವುದು. ಈ ನಾಲ್ಕಕ್ಕೂ ದುಬಾರಿ ಯಂತ್ರ ಬೇಡ. ಸಿಬ್ಬಂದಿಯ ಗಮನ, ಒಂದಿಷ್ಟು ಸಮಯ ಸಾಕು.