ತಾಲ್ಲೂಕುವಾರು ಜಾನಪದ ಸಮೀಕ್ಷೆ: ಗಡಿ ಮತ್ತು ಪ್ರಶ್ನೆ

ಜಾನಪದ ಸಮೀಕ್ಷೆಗಳು ತಾಲ್ಲೂಕನ್ನೇ ಘಟಕವಾಗಿ ಸ್ವೀಕರಿಸುವುದು ರೂಢಿ. ಆಡಳಿತಕ್ಕೆ ಅನುಕೂಲವಾದ ಈ ಘಟಕ ಸಂಶೋಧನೆಗೂ ಸಾಕೆ ಎಂಬುದನ್ನು ಪರಿಶೀಲಿಸಲು ಕಡೂರು, ತರೀಕೆರೆ, ಅಜ್ಜಂಪುರಗಳು ಉತ್ತಮ ನಿದರ್ಶನ. ಕಡೂರು ಬಹುಮಟ್ಟಿಗೆ ಮಳೆ ಕಡಿಮೆಯ ಬಯಲುಸೀಮೆ. ತರೀಕೆರೆಯ ಲಕ್ಕವಳ್ಳಿ ಭದ್ರಾ ದಂಡೆಯ ಮಲೆನಾಡು. ಹಿಂದೆ ತರೀಕೆರೆಗೆ ಸೇರಿದ್ದ ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕು. ಆದುದರಿಂದ ತರೀಕೆರೆಯ ಹಳೆಯ, ಹೊಸ ಅಂಕಿಗಳನ್ನು ನೇರವಾಗಿ ಹೋಲಿಸಿ ಕಲೆ ಕ್ಷೀಣಿಸಿತೆಂದು ತೀರ್ಮಾನಿಸುವುದು ಸಾಧುವಲ್ಲ. ಕುಗ್ಗಿರುವುದು ತಾಲ್ಲೂಕಿನ ಗಡಿಯೇ ಇರಬಹುದು. ಗ್ರಾಮವನ್ನು ಘಟಕವಾಗಿಸಿ, ಮಲೆನಾಡು–ಬಯಲುಸೀಮೆಗಳಿಂದ ಪ್ರತ್ಯೇಕವಾಗಿ ಮಾದರಿ ಆಯ್ದರೆ ಈ ದೋಷ ನೀಗುತ್ತದೆ.

ಪ್ರಶ್ನಾವಳಿಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. 1901ರಲ್ಲಿ ಯೋಜಿತವಾದ ಜನಾಂಗ ಸಮೀಕ್ಷೆಯು ಏಕರೂಪದ ಪ್ರಶ್ನೆಗಳನ್ನು ಅವಲಂಬಿಸಿತ್ತು. ಮೈಸೂರು ಸಂಸ್ಥಾನದಲ್ಲಿ ಅದರ ಫಲ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳು. ವಿವರಗಳ ದೃಷ್ಟಿಯಿಂದ ಅವು ಅಮೂಲ್ಯ. ಆದರೆ ಏಕರೂಪದ ಪ್ರಶ್ನೆ ಎಲ್ಲೆಡೆ ಒಂದೇ ಅರ್ಥ ಕೊಡುವುದಿಲ್ಲ. ‘ನೀವು ಕಲಾವಿದರೆ?’ ಎಂದರೆ ಶ್ರಾವಣದಲ್ಲಿ ವೀರಗಾಸೆ ಕುಣಿಯುವ ರೈತ ‘ಅಲ್ಲ’ ಎನ್ನಬಹುದು. ಅವನಿಗೆ ಅದು ವೀರಭದ್ರನ ಸೇವೆ. ‘ನಿಮ್ಮ ಮನೆಯಿಂದ ವೀರಗಾಸೆಗೆ ಯಾರು ಹೋಗುತ್ತಾರೆ?’ ಎಂದು ಕೇಳಿದಾಗ ಅವನ ಹೆಸರು ದಾಖಲಾಗುತ್ತದೆ. ಇಂಥ ಪಟ್ಟಿಯೇ ಮಾಸಾಶನಕ್ಕೆ ಆಧಾರವಾದರೆ ತಪ್ಪು ಪ್ರಶ್ನೆಯ ನಷ್ಟ ಅವನದು. ಆದಕಾರಣ ಕೆಲವು ಹಳ್ಳಿಗಳಲ್ಲಿ ಪೂರ್ವಪರೀಕ್ಷೆ ನಡೆಸಿ, ಅಲ್ಲಿಯ ಮಾತಿನಲ್ಲೇ ಪ್ರಶ್ನೆಗಳನ್ನು ತಿದ್ದಿಕೊಂಡ ಮೇಲೆಯೇ ಎಣಿಕೆ ಆರಂಭವಾಗಬೇಕು.